ಎಂಬತ್ತೈದು ದಾಟಿದವರ ಸ್ಟ್ರೋಕ್: ಹೆಪ್ಪು ತೆಗೆಸಲು ಜಿಲ್ಲೆ ದಾಟಿಸಬೇಕೇ?

ತದಡಿ_ಫಿಸಿಷಿಯನ್

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ-ಸಿದ್ದಾಪುರ-ಯಲ್ಲಾಪುರದಲ್ಲಿ ಕೆಲಸ ಮಾಡುವವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ರೋಗಿಗೆ 85 ದಾಟಿದೆ. ಬಲಗೈ, ಬಲಗಾಲು ಬಿದ್ದಿವೆ, ಮಾತು ನಿಂತಿದೆ, ಕಣ್ಣು ಎಡಕ್ಕೆ ಹೊರಳಿ ನಿಂತಿದೆ. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ. ಮೆದುಳಿನ ದೊಡ್ಡ ರಕ್ತನಾಳವೇ ಮುಚ್ಚಿದೆ ಎಂಬುದು ಬಹುತೇಕ ಖಚಿತ. ಹೆಪ್ಪನ್ನು ಕ್ಯಾಥೆಟರ್ ಹಾಕಿ ತೆಗೆಸಬೇಕೆಂದರೆ ಮಣಿಪಾಲ, ಹುಬ್ಬಳ್ಳಿ-ಧಾರವಾಡ ಅಥವಾ ಗೋವಾ ಕಡೆಗೆ ಹೊರಡಬೇಕು. ಮನೆಯವರು ಕೇಳುವುದು ಎರಡೇ: "ಇಷ್ಟು ವಯಸ್ಸಾದವ್ರಿಗೆ ಮಾಡ್ಸಿ ಪ್ರಯೋಜನ ಉಂಟಾ?", "ದಾರೀಲಿ ಏನಾದ್ರೂ ಆದ್ರೆ?"

ಕೇಸಿನ ಕಥೆಗಳು ಬೇಡ. ಯಾರನ್ನು ಕಳಿಸಬೇಕು, ಯಾರನ್ನು ಕಳಿಸಬಾರದು, ಕಳಿಸುವ ಮೊದಲು ಏನು ಮಾಡಬೇಕು, ವಾಪಸ್ ಬಂದ ಮೇಲೆ ಏನು ಕೆಡುತ್ತದೆ, ಅಷ್ಟನ್ನು ಬರೆಯಿರಿ.

ಅಂಕಿ_ಅಂಶ

ಮೊದಲು ಅಂಕಿ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ.

ಎಂಆರ್ ಕ್ಲೀನ್, ಎಸ್ಕೇಪ್, ರೆವಾಸ್ಕ್ಯಾಟ್, ಸ್ವಿಫ್ಟ್ ಪ್ರೈಮ್, ಎಕ್ಸ್‌ಟೆಂಡ್-ಐಎ ಎಂಬ ಐದು ಪ್ರಯೋಗಗಳ 1287 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಹರ್ಮೀಸ್ ವಿಶ್ಲೇಷಣೆ 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ, ಮೂರು ತಿಂಗಳ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬಂದವರು ಹೆಪ್ಪು ತೆಗೆದ ಗುಂಪಿನಲ್ಲಿ 46%, ಬರೀ ಔಷಧದ ಗುಂಪಿನಲ್ಲಿ 26.5%. ಸಾವು 15.3% ಮತ್ತು 18.9%. ಮೆದುಳಿನೊಳಗಿನ ಗಂಭೀರ ರಕ್ತಸ್ರಾವ ಎರಡರಲ್ಲೂ ನಾಲ್ಕೂಚಿಲ್ಲರೆ ಶೇಕಡಾ, ಅಂದರೆ ವ್ಯತ್ಯಾಸವೇ ಇಲ್ಲ.

ಈಗ 80 ಮತ್ತು ಮೇಲ್ಪಟ್ಟವರು. ಅವರು ಸುಮಾರು 200 ಜನ. ಸ್ವಾವಲಂಬಿಗಳಾದವರು ಸುಮಾರು 30%, ಔಷಧ ಮಾತ್ರ ಸಿಕ್ಕವರಲ್ಲಿ 14%. ಸಾವು 28%, ಔಷಧ ಮಾತ್ರ ಸಿಕ್ಕವರಲ್ಲಿ 45%. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಮುದುಕರ ಫಲಿತಾಂಶ ಕಿರಿಯರದ್ದಕ್ಕಿಂತ ಕಳಪೆ, ಅದರಲ್ಲಿ ಅನುಮಾನವಿಲ್ಲ. ಆದರೆ ಚಿಕಿತ್ಸೆ ಕೊಡದಿದ್ದರೆ ಅದು ಇನ್ನೂ ಎಷ್ಟೋ ಕಳಪೆ. ನಾವು ಹೋಲಿಸಬೇಕಾದದ್ದು 86ರ ಅಜ್ಜಿಯನ್ನು 60ರ ಮಗನೊಂದಿಗಲ್ಲ, ಚಿಕಿತ್ಸೆ ಸಿಗದ ಇನ್ನೊಬ್ಬ 86ರ ಅಜ್ಜಿಯೊಂದಿಗೆ. "ವಯಸ್ಸಾಗಿದೆ, ಫಲಿತಾಂಶ ಚೆನ್ನಾಗಿರಲ್ಲ" ಎನ್ನುವ ವಾದ ಎಡವುವುದೇ ಇಲ್ಲಿ.

ಯುರೋಪಿನ ಸ್ಟ್ರೋಕ್ ಸಂಘಟನೆಯ 2019ರ ಮಾರ್ಗಸೂಚಿ ಥ್ರೊಂಬೆಕ್ಟಮಿಗೆ (ಹೀಗೆ ಹೆಪ್ಪು ತೆಗೆಯುವುದಕ್ಕೆ) ವಯಸ್ಸಿನ ಮೇಲ್ಮಿತಿ ಇಟ್ಟಿಲ್ಲ.

ಮಂಜುಗುಣಿ_ಡಾಕ್ಟರ್

ಅಂಕಿಯವರೇ, ಆ ಇನ್ನೂರು ಜನ ಯಾರು ಎಂದೂ ಹೇಳಿ. ಸ್ವಿಫ್ಟ್ ಪ್ರೈಮ್‌ನಲ್ಲಿ 80 ಮೀರಿದವರಿಗೆ ಪ್ರವೇಶವೇ ಇರಲಿಲ್ಲ. ರೆವಾಸ್ಕ್ಯಾಟ್ ಕೂಡ 80ಕ್ಕೇ ಗೆರೆ ಎಳೆದಿತ್ತು, ಆಮೇಲೆ ಸಿಟಿ ತುಂಬ ಚೆನ್ನಾಗಿದ್ದವರಿಗೆ ಮಾತ್ರ 85ರವರೆಗೆ ಸಡಿಲಿಸಿತು. ಉಳಿದ ಪ್ರಯೋಗಗಳಿಗೆ ಬಂದವರು ಬಹುಪಾಲು ಸ್ಟ್ರೋಕಿಗೆ ಮೊದಲು ಗಟ್ಟಿಮುಟ್ಟಾಗಿದ್ದ ಮುದುಕರು. ನಮ್ಮಲ್ಲಿಗೆ ಬರುವವರು ಮೊಣಕಾಲು ಸವೆದು ಗೋಡೆ ಹಿಡಿದು ನಡೆಯುವವರು, ಮೂತ್ರಪಿಂಡ ಸೊರಗಿ ಕ್ರಿಯಾಟಿನಿನ್ 1.8 ಇರುವವರು, ಸಂಜೆಯಾದರೆ ಮಗಳನ್ನೇ ಗುರುತು ಹಿಡಿಯದವರು. ಅವರಿಗೂ ಇದೇ 30% ಹೇಳಿದರೆ ಅದು ಸುಳ್ಳು ಭರವಸೆ.

ಇನ್ನು ರಸ್ತೆ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್. ಅರ್ಧರಾತ್ರಿ, ಮಳೆ. ಅಲ್ಲಿ ಮುಟ್ಟಿ ಮತ್ತೆ ಸಿಟಿ, ಮತ್ತೆ ಸಹಿ, ಮತ್ತೆ ದುಡ್ಡು. ಮನೆಯ ಚಾವಡಿಯಲ್ಲಿ ಮಕ್ಕಳ ಮಧ್ಯೆ ಹೋಗಬೇಕಾದ ಜೀವ ಇನ್ನೊಂದು ಊರಿನ ಐಸಿಯುದಲ್ಲಿ ಹೋಗುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ?

ಅಂಕಿ_ಅಂಶ

ಒಪ್ಪಿದೆ. ಆಯ್ಕೆ ಮಾಡದೆ ಎಲ್ಲರನ್ನೂ ಸೇರಿಸಿಕೊಳ್ಳುವ ನೋಂದಣಿ ವರದಿಗಳಲ್ಲಿ ಫಲಿತಾಂಶ ಪ್ರಯೋಗಗಳಿಗಿಂತ ಕೆಳಗೇ ಇದೆ. 90 ದಾಟಿದವರಲ್ಲಿ ಸ್ವಾವಲಂಬಿಗಳಾಗುವವರು ಸ್ಥೂಲವಾಗಿ ಐವರಲ್ಲಿ ಒಬ್ಬರು. ಮೂರು ತಿಂಗಳೊಳಗೆ ತೀರಿಕೊಳ್ಳುವವರು ಹತ್ತರಲ್ಲಿ ನಾಲ್ಕೈದು. ಮನೆಯವರಿಗೆ ಹೇಳಬೇಕಾದ ಅಂಕಿ ಇದು. ಆದರೆ ಮೊದಲೇ ಕೋಲು ಹಿಡಿದು ಸಹಾಯದಿಂದ ಬದುಕುತ್ತಿದ್ದವರಿಗೆ "ಸ್ವಾವಲಂಬಿ" ಎಂಬ ಅಳತೆಗೋಲೇ ಸರಿಯಲ್ಲ. ಅವರು ಸ್ಟ್ರೋಕಿಗೆ ಮೊದಲಿದ್ದ ಸ್ಥಿತಿಗೆ ಮರಳಿದರೇ ಎಂದು ನೋಡಬೇಕು.

ನರನಾಳ

ಕ್ಯಾಥ್‌ಲ್ಯಾಬ್ (ಹೆಪ್ಪು ತೆಗೆಯುವ ಕೋಣೆ) ಕಡೆಯಿಂದ ಹೇಳುತ್ತೇನೆ. ಫೋನಿನಲ್ಲಿ ನಾವು ಮೊದಲು ಕೇಳುವುದು ವಯಸ್ಸಲ್ಲ. ಕೇಳುವ ಸಂಗತಿಗಳು ನಾಲ್ಕು.

ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡದ್ದು ಯಾವಾಗ? "ಬೆಳಿಗ್ಗೆ ಆರಕ್ಕೆ ನೋಡಿದೆವು" ಎನ್ನುವುದು ಉತ್ತರವಲ್ಲ. ರಾತ್ರಿ ಊಟ ಮಾಡಿ ಹತ್ತಕ್ಕೆ ಮಲಗಿದ್ದರೆ ಗಡಿಯಾರ ಹತ್ತಕ್ಕೇ ಶುರು. ರಾತ್ರಿ ಎದ್ದು ಬಚ್ಚಲಿಗೆ ಹೋಗಿ ಬಂದದ್ದನ್ನು ಯಾರಾದರೂ ಕಂಡಿದ್ದಾರಾ ಎಂದು ಕೆದಕಿ ಕೇಳಿ. ಆ ಒಂದು ಉತ್ತರದಿಂದ ನಾಲ್ಕೈದು ತಾಸು ಸಿಗುತ್ತದೆ.

ಹಿಂದಿನ ವಾರ ಹೇಗಿದ್ದರು? ರ‍್ಯಾಂಕಿನ್ ಎಂಬ ಸ್ವಾವಲಂಬನೆಯ ಅಂಕ ಕೊಡಲು ಬರದಿದ್ದರೆ ಅಂಕ ಬೇಡ. ತಾವೇ ಸ್ನಾನ ಮಾಡುತ್ತಿದ್ದರಾ, ಸೀರೆ ಉಡುತ್ತಿದ್ದರಾ, ಗುಳಿಗೆ ತಾವೇ ಎಣಿಸಿ ತೆಗೆದುಕೊಳ್ಳುತ್ತಿದ್ದರಾ, ಅಂಗಳ ದಾಟಿ ಹೋಗುತ್ತಿದ್ದರಾ, ಮಕ್ಕಳ ಹೆಸರು ತಪ್ಪುತ್ತಿತ್ತಾ. ಈ ಐದಕ್ಕೆ ನೇರ ಉತ್ತರ ಸಿಕ್ಕರೆ ಸಾಕು. "ಆರಾಮ ಇದ್ರು" ಎಂಬ ಒಂದೇ ಮಾತನ್ನು ನಂಬಬೇಡಿ. ಹಾಸಿಗೆ ಹಿಡಿದವರನ್ನೂ ಮನೆಯವರು ಪ್ರೀತಿಯಿಂದ ಹಾಗೇ ಹೇಳುತ್ತಾರೆ.

ಸಿಟಿ ಹೇಗಿದೆ? ಆಸ್ಪೆಕ್ಟ್ಸ್ (ಸಿಟಿಯಲ್ಲಿ ಮೆದುಳು ಎಷ್ಟು ಉಳಿದಿದೆ ಎಂದು ಎಣಿಸುವ ಅಂಕ) ಹತ್ತರಲ್ಲಿ ಎಷ್ಟು? ಮುದುಕರ ಮೆದುಳಿನಲ್ಲಿ ಇಲ್ಲಿ ತಪ್ಪು ಆಗುವುದು ಸಹಜ. ಹಳೆಯ ಬಿಳಿದ್ರವ್ಯದ ಸವೆತ, ಹಳೆಯ ಸಣ್ಣ ಸ್ಟ್ರೋಕುಗಳು ಕಪ್ಪಗೆ ಕಾಣುತ್ತವೆ, ಅವನ್ನು ಹೊಸ ಹಾನಿ ಎಂದು ಎಣಿಸಿದರೆ ಅಂಕ ವಿನಾಕಾರಣ ಇಳಿಯುತ್ತದೆ. ಹಳೆಯ ಸಿಟಿ ಮನೆಯಲ್ಲಿದ್ದರೆ ತರಲು ಹೇಳಿ.

ನಾಲ್ಕನೆಯದು, ರಕ್ತ ತೆಳುವಾಗಿಸುವ ಮಾತ್ರೆ. 48 ತಾಸಿನೊಳಗೆ ಎಪಿಕ್ಸಾಬ್ಯಾನ್, ರಿವರಾಕ್ಸಾಬ್ಯಾನ್ ಥರದ್ದು ತೆಗೆದುಕೊಂಡಿದ್ದರೆ, ಅಥವಾ ವಾರ್ಫರಿನ್ ಮೇಲಿದ್ದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.7 ಮೀರಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಹೆಪ್ಪು ತೆಗೆಯುವುದಕ್ಕೆ ಇದು ಅಡ್ಡಿಯಲ್ಲ. "ಬ್ಲಡ್ ಥಿನ್ನರ್ ಮೇಲಿದ್ದಾರೆ, ಏನೂ ಮಾಡಲಾಗದು" ಎಂದು ವಾರ್ಡಿಗೆ ಸೇರಿಸಿ ಕೂರುವುದು ತಪ್ಪು. ಇಂಥವರಿಗೇ ಥ್ರೊಂಬೆಕ್ಟಮಿ ಹೆಚ್ಚು ಅಗತ್ಯ.

ಮಂಜುಗುಣಿ ಸರ್ ಹೇಳಿದವರ ಬಗ್ಗೆ: ಸ್ಟ್ರೋಕಿಗೆ ಮೊದಲೇ ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಕೊನೆಯ ಹಂತದಲ್ಲಿರುವವರು, ಕ್ಯಾನ್ಸರ್ ಹರಡಿ ದಿನ ಎಣಿಸುತ್ತಿರುವವರು, ಇವರನ್ನು ಕಳಿಸಬೇಡಿ. 90 ದಾಟಿ, ಸಿಟಿಯಲ್ಲಿ ಅರ್ಧ ಗೋಳವೇ ಕಪ್ಪಾಗಿದ್ದರೂ ಬೇಡ. ದೊಡ್ಡ ಹಾನಿಯಾದವರಿಗೂ ಲಾಭವಿದೆ ಎಂದು ತೋರಿಸಿದ ಹೊಸ ಪ್ರಯೋಗಗಳನ್ನು ಇವರಿಗೆ ಅನ್ವಯಿಸುವಂತಿಲ್ಲ. ಏಂಜಲ್-ಆಸ್ಪೆಕ್ಟ್ 80ಕ್ಕೆ, ಸೆಲೆಕ್ಟ್-2 ಪ್ರಯೋಗ 85ಕ್ಕೆ ನಿಲ್ಲುತ್ತವೆ.

ತದಡಿ_ಫಿಸಿಷಿಯನ್

ಬೆಳಿಗ್ಗೆ ಎದ್ದಾಗಲೇ ಬಿದ್ದದ್ದು ಕಂಡ ಮುದುಕರು? ಆರು ತಾಸು ದಾಟಿಯೇ ಇರುತ್ತದೆ.

ನರನಾಳ

ಅದಕ್ಕೂ ಪ್ರಯೋಗಗಳಿವೆ: 6ರಿಂದ 24 ತಾಸಿನವರೆಗೆ ಡಾನ್, 6ರಿಂದ 16 ತಾಸಿನವರೆಗೆ ಡಿಫ್ಯೂಸ್-3, ಎರಡೂ 2018ರವು. ಡಾನ್‌ನಲ್ಲಿ ಸ್ವಾವಲಂಬಿಗಳಾದವರು 49%, ಔಷಧದ ಗುಂಪಿನಲ್ಲಿ 13%. ಆದರೆ 80 ದಾಟಿದವರಿಗೆ ಅಲ್ಲಿ ಬಿಗಿ ನಿಯಮ ಇತ್ತು: ಎನ್‌ಐಎಚ್‌ಎಸ್‌ಎಸ್ (ಸ್ಟ್ರೋಕಿನ ತೀವ್ರತೆಯ ಅಂಕ) ಕನಿಷ್ಠ 10, ಮೆದುಳಿನ ಸತ್ತ ಭಾಗ 21 ಮಿಲಿಲೀಟರಿಗಿಂತ ಕಡಿಮೆ. ಡಿಫ್ಯೂಸ್-3 ಪ್ರಯೋಗ 90ರವರೆಗಿನವರನ್ನು ತೆಗೆದುಕೊಂಡಿತು. ಅಂದರೆ ತಡವಾದ ಮುದುಕರಿಗೂ ಬಾಗಿಲು ತೆರೆದೇ ಇದೆ, ಆದರೆ ಕಿರಿದು. ಸಾದಾ ಸಿಟಿಯಲ್ಲಿ ಮೆದುಳು ಇನ್ನೂ ಚೆನ್ನಾಗಿ ಕಂಡರೆ ಫೋನ್ ಮಾಡಿ. ಗಂಟೆ ನೋಡಿ ನೀವೇ ತೀರ್ಮಾನ ಮಾಡಬೇಡಿ.

108_ಘಟ್ಟ

ಆಂಬುಲೆನ್ಸ್ ಕಡೆಯಿಂದ.

ಫೋನ್ ಮಾಡುವುದಿದ್ದರೆ ಹೊರಡುವ ಮೊದಲೇ ಮಾಡಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಎರಡರಲ್ಲೂ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತದೆ. "ದಾರಿಯಲ್ಲಿ ಹೇಳಿದರಾಯ್ತು" ಎಂದವರ ಫೋನು ಮಾಸ್ತಿಕಟ್ಟೆಗೆ ಮೊದಲೇ ಸತ್ತಿರುತ್ತದೆ.

ಎಲ್ಲಿಗೆ ಎನ್ನುವುದು ಊರಿನ ಮೇಲೆ ಹೋಗುತ್ತದೆ. ಭಟ್ಕಳ, ಹೊನ್ನಾವರದವರಿಗೆ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಮಣಿಪಾಲ. ಭಟ್ಕಳದಿಂದ ನೂರು ಕಿಲೋಮೀಟರ್ ಒಳಗೆ. ಕಾರವಾರದವರಿಗೆ ಉತ್ತರಕ್ಕೆ ಕಾಣಕೋಣ, ಕರ್ಮಲ್ ಘಾಟ್ ದಾಟಿ ಗೋವಾದ ಬಾಂಬೋಳಿ, ಅದೂ ಸುಮಾರು ನೂರು. ಶಿರಸಿ, ಮುಂಡಗೋಡ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಕುಮಟಾ, ಅಂಕೋಲೆಯವರೇ ಮಧ್ಯದಲ್ಲಿ ಸಿಕ್ಕಿಬೀಳುವುದು. ಅವರು ಯಾವ ಕಡೆ ಕ್ಯಾಥ್‌ಲ್ಯಾಬ್ ಖಾಲಿ ಇದೆ, ತಂಡ ಸಿದ್ಧವಿದೆ ಎಂದು ಕೇಳಿಕೊಂಡೇ ತಿರುಗಬೇಕು. ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಕಳಿಸಿಕೊಂಡರೆ ಆಟ ಮುಗಿಯಿತು.

ಮಳೆಗಾಲದಲ್ಲಿ ರಸ್ತೆ ತೆರೆದಿದೆಯಾ ಎಂದು ಮೊದಲು ಕೇಳಿ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ದಕ್ಷಿಣಕ್ಕೋ ಉತ್ತರಕ್ಕೋ ಎಂಬುದನ್ನು ಗುಡ್ಡವೇ ತೀರ್ಮಾನಿಸುತ್ತದೆ.

ಗಾಡಿಯೊಳಗೆ: ವಾಂತಿ ಬರುವಂತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು. ಆಮ್ಲಜನಕ 94ಕ್ಕಿಂತ ಇಳಿದರೆ ಮಾತ್ರ. ಬಿಪಿ 15 ನಿಮಿಷಕ್ಕೊಮ್ಮೆ. ಸಕ್ಕರೆ ಹೊರಡುವ ಮೊದಲೇ ನೋಡಿರಬೇಕು. ಸಕ್ಕರೆ ಇಳಿದರೂ ಕೈಕಾಲು ಬಿದ್ದ ಹಾಗೇ ಕಾಣುತ್ತದೆ. ಬಾಯಿಗೆ ನೀರೂ ಬೇಡ, ಮಾತ್ರೆಯೂ ಬೇಡ. ನಾಲಗೆ ಕೆಳಗೆ ನಿಫೆಡಿಪಿನ್ ಒಡೆದು ಹಾಕುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಬಿಡಿ. ಬಿಪಿ ಧಡಕ್ಕನೆ ಬಿದ್ದರೆ ಅರ್ಧ ಜೀವ ಇದ್ದ ಮೆದುಳು ಪೂರ್ತಿ ಸಾಯುತ್ತದೆ.

ತದಡಿ_ಫಿಸಿಷಿಯನ್

ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಟ್ಟು ಕಳಿಸುವುದೋ, ಅಲ್ಲಿಗೇ ಬಿಡುವುದೋ? 80 ದಾಟಿದರೆ ಕೊಡಬಾರದು ಎಂಬ ಭಯ ಇನ್ನೂ ಇದೆ.

ನರನಾಳ

ನಾಲ್ಕೂವರೆ ತಾಸಿನೊಳಗಿದ್ದು, ಬೇರೆ ಅಡ್ಡಿಗಳಿಲ್ಲದಿದ್ದರೆ ಕೊಟ್ಟೇ ಕಳಿಸಿ, ಕೊಟ್ಟ ಪರಿಣಾಮ ನೋಡಲು ಕಾಯಬೇಡಿ. 80ರ ಗೆರೆ ಹಳೆಯ ಪ್ರಯೋಗಗಳಿಂದ ಬಂದದ್ದು. ಐಎಸ್‌ಟಿ-3 ಪ್ರಯೋಗದ 3035 ಜನರಲ್ಲಿ ಅರ್ಧಕ್ಕಿಂತ ಹೆಚ್ಚು 80 ದಾಟಿದವರೇ ಇದ್ದರು, ಅವರಿಗೂ ಲಾಭ ಕಂಡಿತು.

ಕರಗಿಸುವ ಔಷಧಗಳಲ್ಲಿ ಘಟ್ಟದ ದಾರಿಗೆ ಟೆನೆಕ್ಟೆಪ್ಲೇಸ್ ಒಳ್ಳೆಯದು, ಒಂದೇ ಸಲಕ್ಕೆ ತಳ್ಳಿದರೆ ಮುಗಿಯಿತು. ಆಲ್ಟೆಪ್ಲೇಸ್ ಆದರೆ ಒಂದು ತಾಸು ಪಂಪ್ ಓಡಬೇಕು, ತಿರುವಿನಲ್ಲಿ ಲೈನ್ ಕಿತ್ತರೆ ಡೋಸ್ ಅರ್ಧಕ್ಕೆ ನಿಲ್ಲುತ್ತದೆ.

ಲೆಕ್ಕ ಬಿಡಿಸಿ ಬರೆಯುತ್ತೇನೆ, ಏಕೆಂದರೆ ತಪ್ಪು ಇಲ್ಲೇ ಆಗುವುದು. 48 ಕಿಲೋ ಅಜ್ಜಿಗೆ ಟೆನೆಕ್ಟೆಪ್ಲೇಸ್ ಕಿಲೋಗೆ 0.25 ಮಿಗ್ರಾಂ, ಅಂದರೆ 12 ಮಿಗ್ರಾಂ. ಮಿಲಿಗೆ 5 ಮಿಗ್ರಾಂ ಆಗುವಂತೆ ಕಲಸಿದರೆ 2.4 ಮಿಲಿ. ಯಾರಿಗಾದರೂ ಗರಿಷ್ಠ 25 ಮಿಗ್ರಾಂ. ಹೃದಯಾಘಾತಕ್ಕೆಂದು ಕಪಾಟಿನಲ್ಲಿರುವ ವಯಲ್ 30, 40 ಮಿಗ್ರಾಂನದು. ಅದೇ ಅಜ್ಜಿಗೆ ಹೃದಯದ ಡೋಸ್ ಆದರೆ 30 ಮಿಗ್ರಾಂ. ರಾತ್ರಿ ಪಾಳಿಯಲ್ಲಿ ಪೂರ್ತಿ ವಯಲ್ ಎಳೆದು ಕೊಟ್ಟರೆ ಎರಡೂವರೆ ಪಟ್ಟು ಹೋಗುತ್ತದೆ, ಮೆದುಳಲ್ಲಿ ರಕ್ತ ಸೋರುತ್ತದೆ. ಉಳಿಯಬೇಕಾದ ಔಷಧವನ್ನು ಮೊದಲೇ ಚೆಲ್ಲಿ, ಸಿರಿಂಜಿನಲ್ಲಿ 2.4 ಮಾತ್ರ ಇರಲಿ. ಡೆಕ್ಸ್‌ಟ್ರೋಸ್ ಓಡುತ್ತಿದ್ದ ಲೈನಿನಲ್ಲಿ ಕೊಡಬೇಡಿ, ಗಟ್ಟಿಯಾಗಿ ಕೂರುತ್ತದೆ. ಮುಂಚೆ, ಆಮೇಲೆ ಸಲೈನ್ ಹಾಕಿ ತೊಳೆಯಿರಿ.

ಆಲ್ಟೆಪ್ಲೇಸ್ ಮಾತ್ರ ಇದ್ದರೆ ಕಿಲೋಗೆ 0.9, ಗರಿಷ್ಠ 90. 48 ಕಿಲೋಗೆ 43.2 ಮಿಗ್ರಾಂ. ಅದರಲ್ಲಿ 4.3 ಒಂದೇ ನಿಮಿಷದಲ್ಲಿ, ಉಳಿದ 38.9 ಒಂದು ತಾಸಿನಲ್ಲಿ.

ತೂಕ ಅಂದಾಜು ಮಾಡಬೇಡಿ. ಮುದುಕರು ಸೀರೆ, ಶಾಲಿನೊಳಗೆ ಹತ್ತು ಕಿಲೋ ಹೆಚ್ಚಾಗಿ ಕಾಣುತ್ತಾರೆ. ರೋಗಿಯನ್ನು ಹೊತ್ತುಕೊಂಡು ತಕ್ಕಡಿ ಹತ್ತಲು ಮಗನಿಗೆ ಹೇಳಿ, ಆಮೇಲೆ ಮಗನ ತೂಕ ಕಳೆಯಿರಿ.

ಬಿಪಿ ಕೊಡುವ ಮೊದಲು 185/110ರ ಕೆಳಗೆ, ಕೊಟ್ಟ ಮೇಲೆ 24 ತಾಸು 180/105ರ ಕೆಳಗೆ. ಇಳಿಸಲು ಲ್ಯಾಬೆಟಲಾಲ್ 10 ಮಿಗ್ರಾಂ ನಿಧಾನಕ್ಕೆ, ಬೇಕಾದರೆ ಇನ್ನೊಂದು ಸಲ. ಆಸ್ತಮಾ ಇದ್ದರೆ, ನಾಡಿ ನಿಧಾನವಾಗಿದ್ದರೆ ಅದು ಬೇಡ.

ಸಿಸ್ಟರ್_ಸ್ಟ್ರೋಕ್‌ವಾರ್ಡ್

ಕಳಿಸುವಾಗ ನರ್ಸಿಂಗ್ ಕಡೆಯಿಂದ ಬಿಟ್ಟುಹೋಗುವುದು ಇಷ್ಟು. ಬಲ ಮೊಣಕೈ ಮಡಿಕೆಯಲ್ಲಿ 18 ಅಥವಾ 20 ಗೇಜ್ ಕ್ಯಾನುಲಾ ಹಾಕಿ, ಆಂಜಿಯೋಗ್ರಾಂ ಬಣ್ಣ ತಳ್ಳಲು ಅದೇ ಬೇಕು. ಕೈಹಿಂಬದಿಯ 24 ಗೇಜ್‌ನಿಂದ ಏನೂ ಆಗದು. ಬಲ ಮಣಿಕಟ್ಟನ್ನು ಖಾಲಿ ಬಿಡಿ, ಅಲ್ಲಿಂದಲೂ ಕ್ಯಾಥೆಟರ್ ಹೋಗಬಹುದು. ಅಲುಗಾಡುವ ಹಲ್ಲಿನ ಸೆಟ್ ತೆಗೆದು ಮನೆಯವರ ಕೈಗೆ ಕೊಡಿ. ಆದರೆ ಕನ್ನಡಕ ಮತ್ತು ಕಿವಿಯ ಯಂತ್ರ ರೋಗಿಯ ಜೊತೆಗೇ ಬರಲಿ. ಕಿವಿ ಕೇಳಿಸದ ಅಜ್ಜನನ್ನು ಮಾತು ಅರ್ಥವಾಗದವರು ಎಂದು ಎಣಿಸಿ ಎನ್‌ಐಎಚ್‌ಎಸ್‌ಎಸ್ ಏರಿಸುವುದು ನಡೆದೇ ಇರುತ್ತದೆ.

ಮೂತ್ರದ ನಳಿಕೆಯನ್ನು ತೀರಾ ಅಗತ್ಯವಿಲ್ಲದೆ ಹಾಕಬೇಡಿ. ಕರಗಿಸುವ ಇಂಜೆಕ್ಷನ್ ಆದ ಮೇಲೆ ಪ್ರಾಸ್ಟೇಟ್ ದೊಡ್ಡದಾಗಿರುವ ಅಜ್ಜನಿಗೆ ಹಾಕಲು ಹೋಗಿ ರಕ್ತ ಬಂದರೆ ನಿಲ್ಲಿಸುವುದು ಕಷ್ಟ.

ಸಹಿ ಹಾಕಬಲ್ಲ ಒಬ್ಬರು ಆಂಬುಲೆನ್ಸಿನಲ್ಲೇ ಬರಬೇಕು. ಹಿಂದಿನ ಕಾರು ತಾಳಗುಪ್ಪಕ್ಕೋ ಕುಂದಾಪುರಕ್ಕೋ ಚಾ ಕುಡಿಯಲು ನಿಂತರೆ ಇಲ್ಲಿ ಕ್ಯಾಥ್‌ಲ್ಯಾಬ್ ಕಾಯುತ್ತದೆ.

ತದಡಿ_ಫಿಸಿಷಿಯನ್

ಸಿಟಿ ಫಿಲ್ಮಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಸಾಕಾ?

ನರನಾಳ

ರಕ್ತಸ್ರಾವ ಇದೆಯೇ ಇಲ್ಲವೇ ಎನ್ನಲು ಸಾಕು, ಆಸ್ಪೆಕ್ಟ್ಸ್ ಎಣಿಸಲು ಸಾಲದು. ಕನ್ಸೋಲ್ ಪರದೆಯ ಮೇಲೆ ಸ್ಲೈಸುಗಳನ್ನು ನಿಧಾನಕ್ಕೆ ಓಡಿಸಿ ವಿಡಿಯೋ ಮಾಡಿ ಕಳಿಸಿ, ಇಲ್ಲವೇ ಸಿಡಿ ಕೊಡಿ. ಆಂಜಿಯೋಗ್ರಾಂ ನಿಮ್ಮಲ್ಲೇ ಆಗುವುದಾದರೆ ಸಾದಾ ಸಿಟಿಯ ಜೊತೆಗೇ, ಮೇಜಿನಿಂದ ಇಳಿಸದೆ ಮಾಡಿ. ಕ್ರಿಯಾಟಿನಿನ್ ವರದಿಗೆ ಕಾಯುವುದು ಬೇಡ. ಆಗದಿದ್ದರೆ ಅದಕ್ಕಾಗಿ ಅರ್ಧ ತಾಸು ಕಳೆಯಬೇಡಿ. ಕೈ ಬಿದ್ದಿದೆ, ಜೊತೆಗೆ ಕಣ್ಣು ಒಂದು ಕಡೆ ಹೊರಳಿದೆ ಅಥವಾ ಮಾತು ನಿಂತಿದೆ, ಸಾದಾ ಸಿಟಿಯಲ್ಲಿ ಮೆದುಳಿನ ನಡು ರಕ್ತನಾಳ (ಎಂಸಿಎ) ಬಿಳಿ ಗೆರೆಯಾಗಿ ಕಾಣುತ್ತಿದೆ ಎಂದರೆ ಹೊರಡಿ. ಮೊದಲ ಆಸ್ಪತ್ರೆಗೆ ಬಂದ ಗಳಿಗೆಯಿಂದ ಅಲ್ಲಿಂದ ಹೊರಬೀಳುವುದಕ್ಕೆ 90 ನಿಮಿಷ ಮೀರಬಾರದು. ನಮ್ಮ ಜಿಲ್ಲೆಯಲ್ಲಿ ರಸ್ತೆಗಿಂತ ಹೆಚ್ಚು ಹೊತ್ತು ಹೋಗುವುದು ರೆಫರಲ್ ಚೀಟಿಗೆ.

ಮಂಜುಗುಣಿ_ಡಾಕ್ಟರ್

ಸರಿ, ಮುಟ್ಟಿದರು ಅನ್ನಿ. ಒಳಗೆ ಏನು ಬೇರೆ? ಮುದುಕರ ನಾಳಕ್ಕೂ ಐವತ್ತರವರ ನಾಳಕ್ಕೂ?

ನರನಾಳ

ಬಹಳ ಬೇರೆ. ವಯಸ್ಸಾದಂತೆ, ಬಿಪಿ ಹೆಚ್ಚಿದ್ದಂತೆ, ಮಹಾಧಮನಿಯ ಕಮಾನು ಉದ್ದವಾಗಿ ಕೆಳಕ್ಕೆ ಜಗ್ಗುತ್ತದೆ. ಕುತ್ತಿಗೆಗೆ ಹೋಗುವ ನಾಳಗಳು ಕಮಾನಿನ ತಲೆಯಿಂದ ಹೊರಡುವ ಬದಲು ಬಹಳ ಕೆಳಗಿನಿಂದ ಹೊರಡುತ್ತವೆ. ತೊಡೆಯಿಂದ ಮೇಲೆ ಬಂದ ಕ್ಯಾಥೆಟರ್ ಪೂರ್ತಿ ಹಿಂದಕ್ಕೆ ತಿರುಗಿ ಹತ್ತಬೇಕು, ದೇವಿಮನೆ ಘಟ್ಟದ ತಿರುವಿನಲ್ಲಿ ಉದ್ದದ ಲಾರಿ ತಿರುಗಿಸಿದ ಹಾಗೆ. ಮುಂದೆ ತಳ್ಳಿದರೆ ಇಡೀ ವ್ಯವಸ್ಥೆ ಹಿಂದಕ್ಕೆ ಜಾರಿ ಮಹಾಧಮನಿಗೆ ಬೀಳುತ್ತದೆ. ಆಗ ಸಿಮನ್ಸ್ ಬಾಗಿನ ಕ್ಯಾಥೆಟರ್ ಬೇಕು, ಇಲ್ಲವೇ ಮಣಿಕಟ್ಟಿನಿಂದ ಹೋಗಬೇಕು. ಅದೂ ಆಗದಿದ್ದರೆ ಕುತ್ತಿಗೆಯ ನಾಳಕ್ಕೇ ನೇರ ಚುಚ್ಚುವುದುಂಟು. ಅಪಾಯ ಹೆಚ್ಚು, ಮಾಡುವವರು ಕಡಿಮೆ. ಮುದುಕರಲ್ಲಿ ತೊಡೆ ಚುಚ್ಚಿದಾಗಿನಿಂದ ರಕ್ತ ಹರಿಯುವವರೆಗೆ ಹೊತ್ತು ಹೆಚ್ಚು ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ. ಒಳಗೆ ಕಳೆದ ಹೊತ್ತನ್ನೂ ಮೆದುಳು ಲೆಕ್ಕ ಇಡುತ್ತದೆ.

ಹೆಪ್ಪು ತಲುಪಿದ ಮೇಲೆ ಎರಡು ದಾರಿ. ದಪ್ಪ ಕ್ಯಾಥೆಟರ್ ತಾಗಿಸಿ ಹೀರುವುದು, ಅಥವಾ ಜಾಲರಿ ಸ್ಟೆಂಟ್ ಬಿಡಿಸಿ ಮೂರರಿಂದ ಐದು ನಿಮಿಷ ಬಿಟ್ಟು ಹೆಪ್ಪಿನ ಸಮೇತ ಹಿಂದಕ್ಕೆ ಎಳೆಯುವುದು. ಮೊದಲ ಎಳೆತಕ್ಕೇ ಪೂರ್ತಿ ತೆರೆದರೆ ಮುದುಕರೂ ಚೆನ್ನಾಗಿ ಏಳುತ್ತಾರೆ. ಎಳೆತಗಳು ಹೆಚ್ಚಿದಷ್ಟೂ ನಾಳದ ಒಳಪದರ ಗಾಯಗೊಂಡು ರಕ್ತ ಸೋರುವುದು ಹೆಚ್ಚು, ಲಾಭ ಕಡಿಮೆ. 90ರವರಲ್ಲಿ ಮೂರು ಎಳೆತಕ್ಕೆ ಬಾರದಿದ್ದರೆ ನಿಲ್ಲಿಸುವ ಧೈರ್ಯ ಇರಬೇಕು, ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಅರಿವಳಿಕೆ ಪೂರ್ಣವೋ ಅರೆಯೋ ಎಂಬುದಕ್ಕಿಂತ, ಕೊಡುವಾಗ ಬಿಪಿ ಬೀಳದಂತೆ ನೋಡುವುದು ಮುಖ್ಯ. ನಾಳ ತೆರೆದ ಮೇಲೂ ಮೇಲಿನ ಬಿಪಿಯನ್ನು 140ರ ಕೆಳಗೆ ಬಲವಂತವಾಗಿ ಇಳಿಸಬೇಡಿ. 2022ರ ಎನ್‌ಚಾಂಟೆಡ್-2 ಪ್ರಯೋಗದಲ್ಲಿ 120ರ ಕೆಳಗಿಟ್ಟವರು ಕೆಟ್ಟರು, 2023ರ ಆಪ್ಟಿಮಲ್-ಬಿಪಿಯಲ್ಲಿ 140ರ ಕೆಳಗಿಟ್ಟವರೂ ಕೆಟ್ಟರು. 140ರಿಂದ 180 ನಡುವೆ ಇರಲಿ.

ಮಂಜುಗುಣಿ_ಡಾಕ್ಟರ್

ಹಾಗಾದರೆ ನಾಳ ತೆರೆದರೂ ಮನುಷ್ಯ ಏಳದಿರುವುದು ಮುದುಕರಲ್ಲೇ ಹೆಚ್ಚು ಅಂತಾಯ್ತಲ್ಲ. ಆಂಜಿಯೋ ಚಿತ್ರ ಸುಂದರ, ಅಜ್ಜ ಹಾಸಿಗೆಯಲ್ಲಿ.

ಸಿಸ್ಟರ್_ಸ್ಟ್ರೋಕ್‌ವಾರ್ಡ್

ಹೌದು ಸರ್, ಆದರೆ ಅದರಲ್ಲಿ ಎಷ್ಟೋ ಪಾಲು ಕೆಡುವುದು ವಾರ್ಡಿನಲ್ಲಿ. ನಾಳ ತೆರೆದ ಅಜ್ಜ ಐದನೇ ದಿನ ನ್ಯುಮೋನಿಯಾಕ್ಕೆ ಹೋದರೆ ಅದನ್ನು ಥ್ರೊಂಬೆಕ್ಟಮಿ ಖಾತೆಗೆ ಬರೆಯುವುದು ಸರಿಯಲ್ಲ.

ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ಏನೂ ಬೇಡ. ಕೂರಿಸಿ, ಮೊದಲು ಒಂದೊಂದೇ ಚಮಚ ನೀರು. ಕೆಮ್ಮು ಬಂದರೆ, ಗಂಟಲು ಗೊರಗೊರ ಎಂದರೆ, ದನಿ ಒದ್ದೆಯಾದರೆ ಅಲ್ಲಿಗೇ ನಿಲ್ಲಿಸಿ. ತಡೆದುಕೊಂಡರೆ ಆಮೇಲೆ ಲೋಟ. ನಮ್ಮ ಕಡೆ ಮನೆಯವರು ಪ್ರೀತಿಯಿಂದ ಗಂಜಿ ತಿಳಿ, ತಂಬುಳಿ ತಂದು ಕದ್ದು ಕುಡಿಸುತ್ತಾರೆ. ತೆಳ್ಳಗಿನದೇ ಹೆಚ್ಚು ಅಪಾಯ, ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಟಿ ಮದ್ದಿನ ಕಷಾಯಕ್ಕೂ ಇದೇ ಮಾತು. ಲಕ್ವಾಕ್ಕೆ ಮದ್ದು ಕೊಡುವವರು ಅಂಕೋಲೆ ಕಡೆ ಹೆಸರುವಾಸಿ, ಮನೆಯವರು ಕೇಳಿಯೇ ಕೇಳುತ್ತಾರೆ. ಬೈಯಬೇಡಿ. ನುಂಗಲು ಬರುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ ಎಂದಷ್ಟೇ ಹೇಳಿ.

ಮೂಗಿನ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆಭಾಗ 30ರಿಂದ 45 ಡಿಗ್ರಿ ಎತ್ತರ ಇರಲಿ, ಕೊಟ್ಟಾದ ಮೇಲೂ ಒಂದು ತಾಸು ಹಾಗೇ. ಮೂತ್ರದ ನಳಿಕೆಯನ್ನು ದಿನಾ ಬೆಳಿಗ್ಗೆ "ಇವತ್ತು ತೆಗೆಯಬಹುದಾ" ಎಂದು ಕೇಳಿ. ರಾತ್ರಿ ಗಲಾಟೆ ಮಾಡುವ ಮುದುಕರಿಗೆ ನಿದ್ದೆ ಇಂಜೆಕ್ಷನ್ ಕೊಡುವ ಮುಂಚೆ ಕನ್ನಡಕ ಹಾಕಿದ್ದಾರಾ, ಮಲಬದ್ಧತೆ ಇದೆಯಾ, ಮೂತ್ರ ಕಟ್ಟಿದೆಯಾ ನೋಡಿ.

ಇನ್ನೊಂದು ಸಂಗತಿ, ರೋಗಿ ಮರಳಿ ತಾಲೂಕಿಗೆ ಬಂದಾಗ ಬೇಕಾಗುತ್ತದೆ. ಪ್ರಕ್ರಿಯೆ ಆದ ಕೂಡಲೇ ತೆಗೆದ ಸಿಟಿಯಲ್ಲಿ ಬಿಳಿ ಕಲೆ ಕಂಡರೆ ಅದು ರಕ್ತವೇ ಆಗಿರಬೇಕಿಲ್ಲ, ತಳ್ಳಿದ ಬಣ್ಣ ಸೋರಿದ್ದೂ ಇರಬಹುದು. ಬಣ್ಣವಾದರೆ ಒಂದೆರಡು ದಿನದಲ್ಲಿ ಕರಗುತ್ತದೆ, ರಕ್ತ ಉಳಿಯುತ್ತದೆ.

ಹೊನ್ನಾವರ_ಫಿಸಿಯೋ

ಏಳಿಸುವುದರ ಬಗ್ಗೆ. "ಎಷ್ಟು ಬೇಗ ನಡೆಸಿದರೆ ಅಷ್ಟು ಒಳ್ಳೆಯದು" ಎನ್ನುವುದು ನಿಜವಲ್ಲ. 2015ರ ಅವರ್ಟ್ ಪ್ರಯೋಗದಲ್ಲಿ ಮೊದಲ 24 ತಾಸಿನೊಳಗೇ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿದವರ ಫಲಿತಾಂಶ ಕಡಿಮೆಯಾಯಿತು. ಮೊದಲ ದಿನ ಮಗ್ಗುಲು ಬದಲಿಸುವುದು, ಭುಜ ಜಗ್ಗದ ಹಾಗೆ ದಿಂಬು. ಎರಡನೇ ದಿನದಿಂದ ಮಂಚದ ಅಂಚಿಗೆ ಕೂರಿಸುವುದು, ಒಂದೊಂದು ಸಲ ಸ್ವಲ್ಪ ಹೊತ್ತು. ಬಿದ್ದ ಕೈ ಹಿಡಿದು ಎಳೆದು ಎಬ್ಬಿಸುವುದನ್ನು ಮನೆಯವರಿಗೆ ಮೊದಲ ದಿನವೇ ಬೇಡ ಎನ್ನಿ, ಭುಜ ಜಾರಿದರೆ ನೋವು ತಿಂಗಳುಗಟ್ಟಲೆ ಬಿಡದು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟದಿರಲು ಗಾಳಿ ತುಂಬಿ ಬಿಡುವ ಪಟ್ಟಿ ಒಳ್ಳೆಯದು. ಬಿಗಿ ಕಾಲುಚೀಲದಿಂದ ಉಪಯೋಗವಿಲ್ಲ, ಮುದುಕರ ಚರ್ಮ ಸುಲಿಯುತ್ತದೆ ಅಷ್ಟೆ.

ಆರೋಗ್ಯಮಿತ್ರ_ಕರಾವಳಿ

ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಇದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್‌ಗಾಗಿ ಕಾಯಬೇಕಿಲ್ಲ. ಆದರೆ ಹೋಗುವ ಆಸ್ಪತ್ರೆ ಈ ಚಿಕಿತ್ಸೆಗೆ ನೋಂದಾಯಿತವೇ ಎಂದು ಅಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಿಗೆ ಮೊದಲೇ ಫೋನ್ ಮಾಡಿ. ಜಾಲರಿ ಸ್ಟೆಂಟ್, ಹೀರುವ ಕ್ಯಾಥೆಟರ್ ಒಂದೊಂದೂ ದುಬಾರಿ, ಎರಡನೆಯದು ಬೇಕಾದರೆ ಬಿಲ್ ಹಾರುತ್ತದೆ. ಗೋವಾಕ್ಕೆ ಹೋಗುವವರು ಇಲ್ಲಿಯ ಕಾರ್ಡ್ ಅಲ್ಲಿ ನಡೆಯುತ್ತದೆ ಎಂದು ಭಾವಿಸಿ ಹೊರಡಬೇಡಿ. ರೋಗಿಯ ಆಧಾರ್ ಮತ್ತು ರೇಷನ್ ಕಾರ್ಡ್ ಮೊಬೈಲಿನಲ್ಲಿ ಫೋಟೋ ಇದ್ದರೂ ಸರಿ, ಜೊತೆಗಿರಲಿ.

ತದಡಿ_ಫಿಸಿಷಿಯನ್

ಮನೆಯವರಿಗೆ ಐದು ನಿಮಿಷದಲ್ಲಿ ಹೇಗೆ ಹೇಳುವುದು? "ನೀವೇ ನಿರ್ಧಾರ ಮಾಡಿ" ಎಂದು ಬಿಟ್ಟರೆ ಅವರು ಮುಂಬೈಯ ಮಗನಿಗೆ, ಬೆಂಗಳೂರಿನ ಮಗಳಿಗೆ ಫೋನ್ ಮಾಡುತ್ತಾ ಕೂರುತ್ತಾರೆ.

ಅಂಕಿ_ಅಂಶ

ಶೇಕಡಾ ಬಿಟ್ಟು ತಲೆ ಎಣಿಸಿ ಹೇಳಿ. "ಇವರ ಹಾಗೆ ಮೊದಲು ಚೆನ್ನಾಗಿದ್ದ, 80 ದಾಟಿದ ಹತ್ತು ಜನರಿಗೆ ಬರೀ ಔಷಧ ಕೊಟ್ಟರೆ ನಾಲ್ಕೈದು ಜನ ಮೂರು ತಿಂಗಳೊಳಗೆ ಹೋಗುತ್ತಾರೆ, ಒಬ್ಬಿಬ್ಬರು ತಾವೇ ಓಡಾಡುವ ಹಾಗಾಗುತ್ತಾರೆ, ಉಳಿದವರಿಗೆ ಕೈಹಿಡಿಯುವವರು ಬೇಕು. ಹೆಪ್ಪು ತೆಗೆದರೆ ಸುಮಾರು ಮೂವರು ಹೋಗುತ್ತಾರೆ, ಮೂವರು ಓಡಾಡುತ್ತಾರೆ, ನಾಲ್ವರಿಗೆ ಸಹಾಯ ಬೇಕು." 90 ದಾಟಿದವರಾದರೆ ಸಾವು ಇದಕ್ಕಿಂತ ಹೆಚ್ಚು ಎಂದು ಸೇರಿಸಿ.

ಮಂಜುಗುಣಿ_ಡಾಕ್ಟರ್

ಇದು ಒಪ್ಪುವ ಮಾತು. ನಾನು ಇನ್ನೊಂದು ಸೇರಿಸುತ್ತೇನೆ. "ಮಾಡಿಸಬೇಕಾ?" ಎಂದು ಮಕ್ಕಳನ್ನು ಕೇಳಬೇಡಿ, ಬೇಡ ಎಂದವರು ಆಮೇಲೆ ಜನ್ಮವಿಡೀ ಕೊರಗುತ್ತಾರೆ. "ಆಯಿಗೆ ಮಾತು ಇದ್ದಿದ್ದರೆ ಏನು ಹೇಳುತ್ತಿದ್ದರು? ಇನ್ನೊಬ್ಬರ ಕೈಯಲ್ಲಿ ಬದುಕುವುದು ಬೇಡ ಎಂದು ಯಾವತ್ತಾದರೂ ಹೇಳಿದ್ದರಾ?" ಎಂದು ಕೇಳಿ. ಉತ್ತರ ಕೂಡಲೇ ಬರುತ್ತದೆ.

ಮೊದಲೇ ಗೋಡೆ ಹಿಡಿದು ನಡೆಯುತ್ತಿದ್ದ 92ರವರನ್ನು ಮಳೆಗಾಲದ ರಾತ್ರಿ ಕಳಿಸುವುದಕ್ಕೆ ನನ್ನ ವಿರೋಧ ಮಾತ್ರ ಹಾಗೇ ಇದೆ.

ನರನಾಳ

ಆ ಒಂದು ಗುಂಪಿನಲ್ಲಿ ನಾನೂ ನಿಮ್ಮ ಜೊತೆ ವಾದಿಸುವುದಿಲ್ಲ ಸರ್. ಕೇವಲ 86 ಎಂಬ ಕಾರಣಕ್ಕೆ ಫೋನೇ ಬಾರದೆ ಉಳಿಯುವವರ ಬಗ್ಗೆ ನನ್ನ ತಕರಾರು.

ತದಡಿ_ಫಿಸಿಷಿಯನ್

ಕೊನೆಯ ಪ್ರಶ್ನೆ. ಇವರಲ್ಲಿ ಹೆಚ್ಚಿನವರಿಗೆ ಹೃದಯದ ಮೇಲಿನ ಕೋಣೆ ಅಡ್ಡಾದಿಡ್ಡಿ ಬಡಿಯುವುದೇ ಕಾರಣ. ರಕ್ತ ತೆಳು ಮಾತ್ರೆ ಯಾವಾಗ, ಎಷ್ಟು? "ಮುದುಕರು ಬೀಳುತ್ತಾರೆ, ಆಸ್ಪಿರಿನ್ ಸಾಕು" ಎಂದು ಬರೆದು ಕಳಿಸುವುದು ಕಾಣುತ್ತದೆ.

ನರನಾಳ

ಆಸ್ಪಿರಿನ್ ಸಾಲದು. ಈ ಎಟ್ರಿಯಲ್ ಫಿಬ್ರಿಲೇಶನ್ನಿನಲ್ಲಿ ಅದು ಹೆಪ್ಪನ್ನು ಸರಿಯಾಗಿ ತಡೆಯುವುದಿಲ್ಲ, ಮುದುಕರಲ್ಲಿ ರಕ್ತಸ್ರಾವವನ್ನೂ ತಪ್ಪಿಸುವುದಿಲ್ಲ. 24 ತಾಸಿನ ಸಿಟಿಯಲ್ಲಿ ರಕ್ತಸ್ರಾವ ಇಲ್ಲದಿದ್ದರೆ, 2023ರ ಎಲಾನ್ ಪ್ರಯೋಗದ ಲೆಕ್ಕದಲ್ಲಿ ಸಣ್ಣ, ಮಧ್ಯಮ ಸ್ಟ್ರೋಕಿಗೆ 48 ತಾಸಿನೊಳಗೆ, ದೊಡ್ಡದಕ್ಕೆ ಆರು-ಏಳನೇ ದಿನ ಶುರು ಮಾಡಬಹುದು.

ಎಪಿಕ್ಸಾಬ್ಯಾನ್ ಸಾಮಾನ್ಯ ಡೋಸ್ 5 ಮಿಗ್ರಾಂ ದಿನಕ್ಕೆ ಎರಡು ಸಲ. ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ 2.5 ಮಿಗ್ರಾಂ ಎರಡು ಸಲ. ಮೇಲಿನ 48 ಕಿಲೋ ಅಜ್ಜಿಗೆ 2.5 ಸರಿ. 72 ಕಿಲೋ, ಕ್ರಿಯಾಟಿನಿನ್ 1.1 ಇರುವ 87ರ ಅಜ್ಜನಿಗೆ 5. "ವಯಸ್ಸಾಗಿದೆ" ಎಂದು ಅವರಿಗೂ 2.5 ಬರೆದರೆ ಅದು ಅರ್ಧ ಔಷಧ. ಡ್ಯಾಬಿಗಟ್ರಾನ್ ಆದರೆ 80 ದಾಟಿದವರಿಗೆ 110 ಎರಡು ಸಲ. ಮಾತ್ರೆಯ ಹೆಸರು, ಕೊನೆಯದಾಗಿ ತೆಗೆದುಕೊಂಡ ಹೊತ್ತು ಒಂದು ಚೀಟಿಯಲ್ಲಿ ಬರೆದು ರೇಷನ್ ಕಾರ್ಡಿನೊಳಗೆ ಇಟ್ಟಿರಲು ಮನೆಯವರಿಗೆ ಹೇಳಿ.